ಟ್ಯಾಂಕಿಲ್ಲದ ಬೈಕಿಗೆ ಕೆಂಚಣ್ಣನ ಸಲೈನ್

ಹೊಸಪೇಟೆಯ ಕಾಲುವೆ ದಂಡೆಯಲ್ಲಿ ಗ್ಯಾರೇಜು ಇಟ್ಟಿರುವ ಕೆಂಚಣ್ಣನಿಗೆ ಕೈಯಲ್ಲಿ ಎಷ್ಟು ಕಸುಬಿತ್ತೋ ಬಾಯಲ್ಲಿ ಅದರ ಎರಡರಷ್ಟಿತ್ತು. ಪೆಟ್ರೋಲ್ ಟ್ಯಾಂಕು ಬಿಚ್ಚಿಟ್ಟ ಮೇಲೂ ಬೈಕು ಓಡಿಸುವುದು ಅವನ ಹೆಮ್ಮೆಯ ವಿದ್ಯೆ. ಸಲೈನ್ ಬಾಟಲಿಗೆ ಪೆಟ್ರೋಲ್ ತುಂಬಿ, ಬೇವಿನ ಟೊಂಗೆಗೆ ನೇತುಹಾಕಿ, ಪೈಪನ್ನು ಕಾರ್ಬುರೇಟರಿಗೆ ಸಿಕ್ಕಿಸಿದರೆ ಆಯಿತು, ಹಳೇ ಗಾಡಿಗಳೆಲ್ಲ ಆ ಗ್ಲೂಕೋಸ್ ಕುಡಿದು ಎದ್ದು ಕೂರುತ್ತಿದ್ದವು. ಒಮ್ಮೆ ಬಾಟಲಿಯನ್ನು ಹೆಗಲಿಗೆ ಕಟ್ಟಿಕೊಂಡು ಸಂಡೂರಿನ ಘಾಟಿ ಹತ್ತಿದಾಗ, ಯಾರೋ ಪೇಷೆಂಟು ಆಸ್ಪತ್ರೆಗೆ ಹೊರಟಿದ್ದಾನೆಂದು ಅದಿರು ಲಾರಿಗಳೆಲ್ಲ ದಾರಿ ಬಿಟ್ಟವಂತೆ. ಕಂಪ್ಲಿಯಲ್ಲಿ ಮಗಳ ಮದುವೆ ಮಾತುಕತೆಗೆ ಕೂತಾಗಲೂ ಇದನ್ನೇ ಹೇಳಿದ್ದ. ಬೀಗತಿ ರೇಣುಕಾದೇವಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಆ ನಗು ಕೆಂಚಣ್ಣನಿಗೆ ಮುಳ್ಳಾಗಿ ಉಳಿದಿತ್ತು. ಆ ಹೆಂಗಸನ್ನು ಒಂದು ಸಲವಾದರೂ ನಂಬಿಸಬೇಕು.

ತವರಿಗೆ ಬಂದಿದ್ದ ಮಗಳನ್ನು ಕರೆದೊಯ್ಯಲು ಅಳಿಯ ಪ್ರವೀಣ ಹೊಸ ಬೈಕಿನಲ್ಲಿ ಬಂದ. ಮಗಳು ಒಳಗೆ ಎಲೆ ಹಾಕುತ್ತಿದ್ದಳು. ಪ್ರವೀಣ ಕಾಲು ತೊಳೆಯುತ್ತ ಸುಮ್ಮನೆ ಒಂದು ಮಾತು ಆಡಿದ.

“ಮಾವ, ಟ್ಯಾಂಕಿನ ಕೆಳಗ ಟಿಕ್ ಟಿಕ್ ಅಂತೈತಿ ನೋಡ್ರಿ.”

ಹೋಳಿಗೆ ಆರುವಷ್ಟರಲ್ಲಿ ಟ್ಯಾಂಕು ಕೆಳಗಿಳಿದಿತ್ತು, ಬಾಟಲಿ ಮರ ಏರಿತ್ತು.

“ಮಾವ, ಇದು ಇಂಜೆಕ್ಷನ್ ಗಾಡಿ ರೀ, ಕಾರ್ಬುರೇಟರ್ ಇಲ್ಲ.”

“ಆಗ್ಲಿ ಬಿಡ್ರಿ ಅಳಿಯಂದ್ರ. ಸಲೈನ್ ಮುಂದ ಇಂಜೆಕ್ಷನ್ ಎಷ್ಟರದ್ದು?”

ಕೆಂಚಣ್ಣ ಮೀಸೆ ತೀಡಿ ಬಟನ್ ಒತ್ತಿದ. ಇಂಜಿನ್ನು ಕೆಮ್ಮಿತೇ ಹೊರತು ಏಳಲಿಲ್ಲ. ಬಾಟಲಿಯನ್ನು ಇನ್ನೊಂದು ಟೊಂಗೆ ಮೇಲಕ್ಕೆ ಏರಿಸಿದ. ಆಗಲೂ ಇಲ್ಲ. ಅವನ ಹೆಂಡತಿ ದುರ್ಗಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ಇನ್ನೂ ಮ್ಯಾಲ ಕಟ್ರಿ. ಹಂಪಿ ಮಾತಂಗ ಗುಡ್ಡಕ್ಕ ಕಟ್ಟಿದ್ರ ಸ್ಟಾರ್ಟ್ ಆದೀತು.”

“ಸುಮ್ನಿರ. ಇದು ಮೊಂಡ ಗಾಡಿ, ಕಂಪ್ಲಿ ನೀರು ಕುಡದೈತಿ.”

“ಕಂಪ್ಲಿ ನೀರು ಕುಡದ ಅಳಿಯಾನೂ ಇಲ್ಲೇ ನಿಂತಾರ, ಖಬರ್ ಇರ್ಲಿ.”

ಪ್ರವೀಣ ನಗು ನುಂಗಿಕೊಂಡ. “ಪೆಟ್ರೋಲ್ ನೂಕೋ ಪಂಪು ಟ್ಯಾಂಕಿನ ಒಳಗೇ ಐತ್ರಿ ಮಾವ. ಆ ಜೋರು ಬಾಟ್ಲಿಯಿಂದ ಬರಂಗಿಲ್ಲ. ಟ್ಯಾಂಕು ಪಕ್ಕದಾಗ ಇಟ್ಟು, ಪೈಪು ವೈರು ಸಿಕ್ಕಿಸಿದ್ರ ಓಡ್ತೈತಿ.”

ಪೈಪು ಗೇಣುದ್ದವೂ ಇರಲಿಲ್ಲ. ಟ್ಯಾಂಕನ್ನು ಇಂಜಿನ್ನಿನ ಪಕ್ಕದಲ್ಲೇ ಯಾರಾದರೂ ಹಿಡಿಯಬೇಕು. ಪ್ರವೀಣ ಕೈ ಚಾಚಿದ.

“ಮನಿಗೆ ಬಂದ ಅಳಿಯಂದ್ರ ಕೈಲೆ ಕೆಲಸ ಮಾಡಸ್ತೀರೇನು?” ದುರ್ಗಕ್ಕ ಗಂಡನ ಕಡೆ ಕಣ್ಣು ಬಿಟ್ಟಳು. “ನೀವ ಕುಂದ್ರಿ. ಬೀಡಿ ಇಲ್ಲಿ ಕೊಡ್ರಿ.”

ಕೆಂಚಣ್ಣ ಕಿವಿ ಮೇಲಿನ ಬೀಡಿ ಕೊಟ್ಟು, ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ಜವಳ ತೆಗೆಸುವ ಕೂಸಿನಂತೆ ಟ್ಯಾಂಕನ್ನು ತೊಡೆಯ ಮೇಲೆ ಹಿಡಿದುಕೊಂಡ. ಪ್ರವೀಣ ಬಟನ್ ಒತ್ತಿದ. ಬೈಕು ಒಂದೇ ಏಟಿಗೆ ಎದ್ದಿತು. ಆದರೆ ಕೆಂಚಣ್ಣ ಅಲುಗುವಂತಿಲ್ಲ. ದುರ್ಗಕ್ಕನೇ ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಲ್ಲಿ ಊರಿ, ಹಿಡಿಗೆ ಕಿವಿ ಹಚ್ಚಿದಳು. ಗಂಡ ಹಾಗೆ ಮಾಡುವುದನ್ನು ದಿನಾ ನೋಡಿದವಳು.

“ಇಲ್ಲೈತಿ ನೋಡ್ರಿ ಟಿಕ್ ಟಿಕ್.”

ಪ್ರವೀಣ ಬಗ್ಗಿ ನೋಡಿ ಗಾಡಿ ಬಂದ್ ಮಾಡಿದ. “ಅದು ಇಂಜೆಕ್ಟರ್ ಅತ್ತಿ. ಪೆಟ್ರೋಲ್ ಸಿಡಿಸುವಾಗ ಅದರ ಸಪ್ಪಳಾನ ಹಂಗ.”

“ಅಂದ್ರ ಗಾಡಿಗೆ ಏನೂ ಆಗಿಲ್ಲ?”

“ಆಗಿಲ್ರಿ.”

ದುರ್ಗಕ್ಕ ಗಂಡನನ್ನು ನೋಡಿದಳು. ಗಂಡ ಟ್ಯಾಂಕಿನ ಮುಚ್ಚಳ ನೋಡಿದ. ಅಷ್ಟರಲ್ಲಿ ಪ್ರವೀಣನ ಫೋನು ಹೊಡೆದುಕೊಂಡಿತು. ಅವನ ಅವ್ವ ರೇಣುಕಾದೇವಿ. ಅವನು ಸ್ಪೀಕರ್ ಹಾಕಿದ.

“ಉಂಡೇನಪ್ಪ?”

“ಇಲ್ಲವ್ವ, ಗಾಡಿ ಬಿಚ್ಚೀವಿ.”

“ಹೊಸ ಗಾಡಿನಾ? ನಿಮ್ಮ ಮಾವ ಕೈ ಹಾಕಿದ್ರೇನು?”

ಕೆಂಚಣ್ಣ ಟ್ಯಾಂಕನ್ನು ಎದೆಗವಚಿಕೊಂಡ. ನಾಳೆ ಕಂಪ್ಲಿಯ ರೈಸ್ ಮಿಲ್ಲುಗಳಲ್ಲಿ ಅಕ್ಕಿ ಬೀಳುವುದಕ್ಕಿಂತ ಜೋರಾಗಿ ನಗು ಬೀಳುತ್ತದೆ. ಪ್ರವೀಣ ಮಾವನ ಮುಖ ನೋಡಿದ, ಮರದ ಮೇಲಿನ ಬಾಟಲಿ ನೋಡಿದ.

“ಹೂನವ್ವ, ಮಾವನೇ ಓಡಿಸಿದ್ರು. ಟ್ಯಾಂಕು ಇಲ್ದಂಗ, ಬರೇ ಸಲೈನ್ ಬಾಟ್ಲಿ ಮ್ಯಾಲ. ನಾ ಹಿಂದ ಕುಂತು ಬಾಟ್ಲಿ ಹಿಡಕೊಂಡಿದ್ದೆ.”

ಆ ಕಡೆ ನಗು ಬರಲಿಲ್ಲ. “ಖರೇನಾ? ಎಲ್ಲಿ ತನಕ ಹೋಗಿದ್ರಿ?”

“ಹಂಪಿ...”

ಕೆಂಚಣ್ಣ ಟ್ಯಾಂಕನ್ನು ಎದೆಗವಚಿಕೊಂಡೇ ಮುಂದಕ್ಕೆ ಬಾಗಿ ಅಳಿಯನ ಪಂಚೆ ಜಗ್ಗಿದ.

“ಅಷ್ಟು ದೂರ ನಂಬಂಗಿಲ್ಲ ಅಳಿಯಂದ್ರ,” ಎಂದು ಪಿಸುಗುಟ್ಟಿದ. “ಒಂದು ಊರು ಈಚಿಗೆ, ಕಮಲಾಪುರ ಅನ್ರಿ.”