ಮಂಕಿಯ ಗಂಜಿ, ಬಾಡದ ಚಾ

ಬಾಯಿಗೆ ನೀರು ಬಿಡುವವರ ಸಾಲು ಮುಗಿಯುತ್ತ ಬಂದಾಗ ಮೀನು ಮಾರುವ ನಾಗಿ ಅಂಗಳಕ್ಕೆ ಕಾಲಿಟ್ಟಳು. ಕೈಯಲ್ಲಿ ಮುಚ್ಚಿದ ತಂಬಿಗೆ, ಒಂದು ಚಮಚ.

ಮಂಕಿಯಲ್ಲಿ ಇಪ್ಪತ್ತೆರಡು ವರ್ಷ ಆರೋಗ್ಯ ಸಹಾಯಕನಾಗಿದ್ದ ಮಾಬ್ಲೇಶ್ವರನ ಹೆಣವನ್ನು ತುಳಸಿಕಟ್ಟೆಯ ಪಕ್ಕ ಮಲಗಿಸಿದ್ದರು. ಆರು ವರ್ಷದಿಂದ ನಾಗಿ ಅವನ ಜೊತೆ ಮಾತಾಡಿರಲಿಲ್ಲ. ಅವನು ಎದುರಾದರೆ ಬುಟ್ಟಿ ಹೊತ್ತು ಒಳದಾರಿ ಹಿಡಿಯುತ್ತಿದ್ದಳು.

"ಇವಳು ಎಂತಕೆ ಬಂದ್ಲು?" ಯಾರೋ ಪಿಸುಗುಟ್ಟಿದರು.

"ಬರ್ಲಿ ಬಿಡಿ," ಎಂದಳು ಅವನ ಹೆಂಡತಿ ಗಂಗಾ. ನಾಗಿ ಒಂದು ಮಾತಾದರೂ ಆಡಲಿ, ಬೈದರೂ ಸರಿ ಎಂದು ಗಂಡ ಕಾದದ್ದು ಅವಳಿಗೆ ಗೊತ್ತಿತ್ತು.

*

೧೯೭೯ರಲ್ಲಿ ಮಕ್ಕಳ ವಾಂತಿಭೇದಿಗೆಂದು ಉಪ್ಪು-ಸಕ್ಕರೆಯ ಪುಡಿ ಪೊಟ್ಟಣದಲ್ಲಿ ಬಂತು. ಕೊಟ್ಟು ನೋಡಿ, ಬರೆದಿಡಿ ಎಂದರು ಮೇಲಿನವರು. ಮಂಕಿಯಲ್ಲಿ ಮಾಬ್ಲೇಶ್ವರ ಅರ್ಧ ಮಕ್ಕಳಿಗೆ ಪುಡಿಯ ನೀರು, ಉಳಿದವರಿಗೆ ಉಪ್ಪು ಹಾಕಿದ ಗಂಜಿ ತಿಳಿ ಕೊಡಿಸಿದ. ಎರಡರಲ್ಲೂ ಮಕ್ಕಳು ಹೆಚ್ಚುಕಡಿಮೆ ಒಂದೇ ಸಮ ಚೇತರಿಸಿಕೊಂಡವು. ಕುಮಟೆಯ ಹತ್ತಿರದ ಬಾಡದಲ್ಲಿ ಅವನ ಗೆಳೆಯ ತ್ರ್ಯಂಬಕನೂ ಇದೇ ಕೆಲಸ ಮಾಡಿದ. ಆದರೆ ಅವನು ಪುಡಿಯ ಎದುರಿಗಿಟ್ಟದ್ದು ಅಲ್ಲಿಯ ತಾಯಂದಿರು ಕೊಡುತ್ತಿದ್ದ ಕರಿ ಚಾ. ಅಲ್ಲಿ ಪುಡಿ ಭರ್ಜರಿಯಾಗಿ ಗೆದ್ದಿತು.

ಹೊನ್ನಾವರದ ಸಭೆಯಲ್ಲಿ ದೊಡ್ಡ ಡಾಕ್ಟರು ಎರಡೂ ಊರಿನ ಪಟ್ಟಿ ಕೂಡಿಸಿದರು. ಗಂಜಿ, ಚಾ ಎರಡೂ 'ಮನೆಮದ್ದು' ಎಂಬ ಒಂದೇ ಸಾಲಿಗೆ ಬಿದ್ದವು. ಮನೆಮದ್ದು ಸೋತಿತು. ಇನ್ನು ಮೇಲೆ ಪುಡಿ ಮಾತ್ರ ಎಂದು ತೀರ್ಮಾನವಾಯಿತು.

"ಸರ್, ನಮ್ಮಲ್ಲಿ ಗಂಜಿ ಸೋಲ್ಲಿಲ್ಲ. ಸೋತದ್ದು ಬಾಡದ ಚಾ," ಎಂದ ಮಾಬ್ಲೇಶ್ವರ.

"ಎರಡೂ ಒಲೆ ಮೇಲಿಂದೇ ಅಲ್ವೇನ್ರೀ? ಸಹಿ ಹಾಕಿ."

ಹಾಕಿದ. ನೌಕರಿಯವನು, ಹೆದರಿದ.

ಮರುವರ್ಷ ನಾಗಿಯ ಮಗಳಿಗೆ ಭೇದಿ ಹತ್ತಿದಾಗ ಪುಡಿ ತೀರಿತ್ತು.

"ಗಂಜಿ ತಿಳಿ ಕೊಡ್ಲಾ, ಮಾಬ್ಲಣ್ಣ?"

"ಬೇಡ, ಆರ್ಡರ್ ಇಲ್ಲ. ನಾಳೆ ಪುಡಿ ಬರ್ತದೆ."

ಪುಡಿ ಬಂದದ್ದು ಮೂರನೆಯ ದಿನ. ಮಗು ಎರಡನೆಯ ದಿನವೇ ಹೋಗಿತ್ತು.

ಆಮೇಲೆ ಅವನು ಯಾರ ಆದೇಶಕ್ಕೂ ಕಾಯಲಿಲ್ಲ. ಭೇದಿ ಎಂದು ಕೇಳಿದ ಮನೆಗೆಲ್ಲ ಹೋಗಿ ಗಂಜಿ ಕೊಡಿ, ಉಪ್ಪು ಹಾಕಿ ಕೊಡಿ ಎಂದ. ಮೇಲಿನವರಿಂದ ಎರಡು ಸಲ ಮೆಮೊ ತಿಂದ.

*

ನಾಗಿ ತಂಬಿಗೆಯ ಮುಚ್ಚಳ ತೆಗೆದಳು. ಅನ್ನದ ವಾಸನೆ ಬಂತು.

"ನೀರಲ್ವನೇ ಅದು?" ಬಾಡದಿಂದ ಬೆಳಗಿನ ಬಸ್ಸಿಗೆ ಬಂದಿದ್ದ ತ್ರ್ಯಂಬಕ ಕೇಳಿದ.

"ಗಂಜಿ ತಿಳಿ. ಉಪ್ಪು ಹಾಕಿದ್ದೆ." ಅವಳು ತಲೆ ಎತ್ತಲಿಲ್ಲ. "ನನ್ನ ಎರಡನೇ ಮಗುಗೆ ಭೇದಿ ಆದಾಗ ನಾ ಬಾಗ್ಲು ತೆಗೀಲಿಲ್ಲ. ಇವ್ರು ಹೊರಗೇ ನಿಂತು ಕೂಗಿದ್ರು, ಚಮಚ ಚಮಚ ಕೊಡೇ, ವಾಂತಿ ಆದ್ರೂ ಬಿಡಬೇಡ ಅಂತ. ಅದು ಉಳೀತು. ಉಳೀತು ಅಂತ ಇವ್ರಿಗೆ ಹೇಳ್ಲೇ ಇಲ್ಲ."

ನೀರೇ ಆಗಬೇಕು ಎಂದು ಹಿರಿಯರೊಬ್ಬರು ಬಾಯಿ ತೆರೆದರು. ಗಂಗಾ ಕೈ ಅಡ್ಡ ಹಿಡಿದಳು.

ನಾಗಿ ಮೊಣಕಾಲೂರಿ ಕೂತು ಒಂದು ಚಮಚ ಬಿಟ್ಟಳು. ತಿಳಿ ತುಟಿಯಂಚಿನಿಂದ ಕೆನ್ನೆಗೆ ಇಳಿಯಿತು. ಅವಳು ಅದನ್ನು ಸೆರಗಿನಿಂದ ಒರೆಸಿ, ಮತ್ತೊಂದು ಚಮಚ ತುಂಬಿದಳು.