ದೌಲತರಾಯರ ಜೇಬಿನ ತಾಮ್ರದ ತಂತಿ

ಸರಸಂಬಾ ಊರಿನ ಹೊಲಗಳಲ್ಲಿ ಮೋಟರಿನ ಫ್ಯೂಜ್ ಹೋದರೆ ಹೊಸದನ್ನು ತರಲು ಆಳಂದಕ್ಕೆ ಹೋಗುವವರು ಕಡಿಮೆ. ಡಬ್ಬಿ ತೆರೆದು ಒಂದು ತುಂಡು ತಾಮ್ರದ ತಂತಿ ಸುತ್ತುತ್ತಾರೆ, ನೀರು ಬರುತ್ತದೆ, ಅಲ್ಲಿಗೆ ಮುಗಿಯಿತು. ಈ ಕೆಲಸದಲ್ಲಿ ದೌಲತರಾಯರದು ಎತ್ತಿದ ಕೈ. ಜೇಬಿನಲ್ಲಿ ಎಲೆ ಅಡಿಕೆ ಇಲ್ಲದಿದ್ದರೂ ತಂತಿಯ ಸುರುಳಿ ಇರುತ್ತದೆ.

ಅವರ ಹೆಂಡತಿ ಸುಭದ್ರಾಬಾಯಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಔಷಧ ತಂಪಿನಲ್ಲಿರಬೇಕು, ನಮ್ಮ ಕಡೆಯ ಬಿಸಿಲಿಗೆ ಕಾರಿನಲ್ಲಿಟ್ಟರೆ ಕೆಡುತ್ತದೆ. ಹೀಗಾಗಿ ಆರು ವರ್ಷದಿಂದ ಅವರು ಶ್ರೀಶೈಲಕ್ಕೆ ಹೋಗಿರಲಿಲ್ಲ. ಊರಿಂದ ಯಾತ್ರೆಗೆ ಹೊರಟವರ ಬುತ್ತಿಗೆ ರೊಟ್ಟಿ ಬಡಿದುಕೊಟ್ಟು, ಆಮೇಲೆ ಒಲೆಯ ಮುಂದೆ ಸುಮ್ಮನೆ ಕೂರುತ್ತಿದ್ದರು. ಅವರಿಗೆ ದುಃಖವಾಗುತ್ತಿತ್ತು.

ಪಕ್ಕದ ಮನೆಯ ಜಯಮಾಲಾ ಸೋಲಾರ್ ಪಂಪ್ ರಿಪೇರಿ ಮಾಡುವವಳು. ಅವಳೇ ದಾರಿ ಹೇಳಿದಳು.

"ಕಾಕು, ಗಾಡಿ ಮ್ಯಾಲ ಒಂದು ಸೋಲಾರ್ ಪ್ಲೇಟ್ ಕೂಡಸೋಣು. ಔಷಧ ಇಡಾಕ ಸಣ್ಣ ಫ್ರಿಜ್ ಡಬ್ಬಿ ಸಿಗ್ತದ. ನಾಕ್ ದಿನ ಆರಾಮ್ ತಿರಗ್ಯಾಡಿ ಬರ್ರಿ."

ಒಂದು ಮುಂಜಾನೆಯಲ್ಲಿ ಕೆಲಸ ಮುಗಿಯಿತು. ಕಾರಿನ ಕ್ಯಾರಿಯರ್ ಮೇಲೆ ಪ್ಲೇಟನ್ನು ಬೋಲ್ಟ್ ಹಾಕಿ ಬಿಗಿದರು. ಕಾರಿನ ಬ್ಯಾಟರಿಯನ್ನು ಮುಟ್ಟದೆ, ಹಿಂದೆ ಬೇರೆ ಬ್ಯಾಟರಿ ಇಟ್ಟು, ಅಲುಗಾಡದಂತೆ ಪಟ್ಟಿ ಕಟ್ಟಿದರು. ನಡುವೆ ಚಾರ್ಜ್ ಕಂಟ್ರೋಲರ್. ಬ್ಯಾಟರಿಗೆ ಎಷ್ಟು ಬೇಕೋ ಅಷ್ಟೇ ಕರೆಂಟ್ ಬಿಡುವ ಡಬ್ಬಿ ಅದು. ಕೊನೆಗೆ ಜಯಮಾಲಾ ಬ್ಯಾಟರಿಯ ಪ್ಲಸ್ ತಂತಿಗೆ, ಬ್ಯಾಟರಿಯ ಹತ್ತಿರವೇ, ಒಂದು ಫ್ಯೂಜ್ ಹಾಕಿದಳು.

"ಇದ್ಯಾಕ ಬೇಕವ್ವ?" ಅಂದರು ದೌಲತರಾಯರು. "ಬರೀ ಹನ್ನೆರಡು ವೋಲ್ಟು. ಮುಟ್ಟಿದರ ಶಾಕ್ ಸುದ್ದಾ ಹೊಡಿಯಂಗಿಲ್ಲ."

"ಶಾಕ್ ಹೊಡಿಯಂಗಿಲ್ಲ, ಖರೇ ಕಾಕಾ. ಆದ್ರ ತಂತಿಗೆ ತಂತಿ ತಾಗಿದ್ರ ಕಾದು ಬೆಂಕಿ ಹತ್ತತದ. ಅದಕ್ಕೂ ಮೊದಲ ಫ್ಯೂಜ್ ಸುಟ್ಟು ಕರೆಂಟ್ ನಿಲ್ಲಸ್ತದ."

ದೌಲತರಾಯರು ನಕ್ಕರು. ಮೂವತ್ತು ವರ್ಷ ಮೋಟರ್ ನಡೆಸಿದವರಿಗೆ ನಿನ್ನೆ ಮೊನ್ನೆಯ ಹುಡುಗಿ ಪಾಠ ಹೇಳಿದರೆ ನಗದೆ ಏನು ಮಾಡುತ್ತಾರೆ.

ಶ್ರೀಶೈಲಕ್ಕೆ ಮೊದಲು ಸುಭದ್ರಾಬಾಯಿಯ ತವರು ಅಂದೋಲಾಕ್ಕೆ ಹೋಗಿ ನೋಡೋಣ ಎಂದು ಹೊರಟರು. ಜೇವರ್ಗಿ ದಾಟಿದ ಮೇಲೆ ಒಂದು ತಗ್ಗಿನಲ್ಲಿ ಕಾರು ಕುಲುಕಿತು, ಫ್ರಿಜ್ ಡಬ್ಬಿಯ ದೀಪ ಆರಿತು. ಫ್ಯೂಜ್ ಹೋಗಿತ್ತು.

"ಜಯಮಾಲಾಗ ಫೋನ್ ಹಚ್ಚ್ರಿ," ಅಂದರು ಸುಭದ್ರಾಬಾಯಿ.

"ಇಷ್ಟಕ್ಕ ಫೋನ್ ಯಾಕ ಬೇ?" ಎಂದು ದೌಲತರಾಯರು ಜೇಬಿಗೆ ಕೈ ಹಾಕಿದರು. ತಾಮ್ರದ ತಂತಿ ಸುತ್ತಿದರು. ದೀಪ ಹತ್ತಿತು. ಅವರು ಮೀಸೆ ಸವರಿಕೊಂಡರು.

ಮೂರು ಕಿಲೋಮೀಟರ್ ಹೋಗುವುದರೊಳಗೆ ಸುಟ್ಟ ವಾಸನೆ ಬಂತು. ಹೆಂಡತಿ ಕುಳಿತ ಸೀಟಿನ ಕೆಳಗಿಂದಲೇ ಹೊಗೆ. ದೌಲತರಾಯರು ಕಾರು ನಿಲ್ಲಿಸಿ, ಅವರನ್ನು ಕೆಳಗಿಳಿಸಿ, ಬ್ಯಾಟರಿಯ ತಂತಿಯನ್ನು ಕೈಯಿಂದಲೇ ಕಿತ್ತರು. ಎರಡು ಬೆರಳಲ್ಲಿ ಬೊಬ್ಬೆ ಎದ್ದವು.

ಸುಭದ್ರಾಬಾಯಿ ಔಷಧದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯ ಪಕ್ಕ ಕುಳಿತಿದ್ದರು.

"ನಂಗ ಶ್ರೀಶೈಲ ಬ್ಯಾಡ್ರಿ. ಮಲ್ಲಯ್ಯ ದೇವ್ರು ಮನ್ಯಾಗ ಸುದ್ದಾ ಅದಾನ. ನೀವು ನೆಟ್ಟಗ ಇದ್ರ ಸಾಕು."

ದೌಲತರಾಯರು ಕಾರನ್ನು ಊರ ಕಡೆಗೆ ತಿರುಗಿಸಿದರು.

ಮರುದಿನ ಜಯಮಾಲಾ ಸೀಟು ಎತ್ತಿ ನೋಡಿದಳು. ಫ್ರಿಜ್ ಡಬ್ಬಿಗೆ ಹೋಗುವ ತಂತಿ ಸೀಟಿನ ಕಂಬಿಯಡಿ ಸಿಕ್ಕು, ಸಿಪ್ಪೆ ಹರಿದು, ಗಾಡಿ ಕುಲುಕಿದಾಗಲೆಲ್ಲ ಒಳಗಿನ ಎರಡೂ ಎಳೆಗಳು ಒಂದಕ್ಕೊಂದು ತಾಗುತ್ತಿದ್ದವು.

"ಸೀಟು ಹಿಂದ ಸರಿಸಿದ್ರೇನು ಕಾಕಾ?"

"ಹೂಂ. ನಿಮ್ಮ ಕಾಕುಗ ಕಾಲು ಚಾಚಾಕ ಆಗ್ಲಿ ಅಂತ."

"ಫ್ಯೂಜ್ ಕೆಟ್ಟಿರಲಿಲ್ಲ. ಇಲ್ಲೇನೋ ತಪ್ಪಾಗ್ಯದ ಅಂತ ತಾ ಸುಟ್ಟು ನಿಮಗ ಹೇಳ್ತು. ನೀವು ಸುಡದ ತಾಮ್ರ ಸುತ್ತಿ ಅದರ ಬಾಯಿ ಮುಚ್ಚಿದ್ರಿ."

ಅವಳು ಹೊಸ ತಂತಿಯನ್ನು ಪೈಪಿನೊಳಗೆ ಹಾಯಿಸಿ ಎಳೆದಳು, ಅಳತೆಗೆ ತಕ್ಕ ಫ್ಯೂಜ್ ಹಾಕಿದಳು, ಅದೇ ಅಳತೆಯ ನಾಲ್ಕು ಹೆಚ್ಚಿಗೆ ಕೊಟ್ಟಳು. ಎಲ್ಲ ಮುಗಿದ ಮೇಲೂ ಸುಭದ್ರಾಬಾಯಿ ಹೊಸ್ತಿಲು ಬಿಟ್ಟು ಕದಲಲಿಲ್ಲ. ಗಂಡನ ಮುಂದೆ ಕೈ ಚಾಚಿದರು.

"ಜೇಬಿನ್ಯಾಗಿಂದು ಕೊಡ್ರಿ."

ದೌಲತರಾಯರು ತಂತಿಯ ಸುರುಳಿ ತೆಗೆದು ಕೊಟ್ಟರು.

"ಈಗ ಬರ್ತೇನಿ," ಅಂದರು ಸುಭದ್ರಾಬಾಯಿ.

ನಾಲ್ಕು ದಿನ ಔಷಧ ತಂಪಾಗಿತ್ತು. ಶ್ರೀಶೈಲದಲ್ಲಿ ದರ್ಶನ ಚೆನ್ನಾಗಿ ಆಯಿತು. ಊರಿಗೆ ಬಂದ ಮರುದಿನ ದೌಲತರಾಯರು ಯಾರಿಗೂ ಹೇಳದೆ ಹೊಲಕ್ಕೆ ಹೋದರು. ಮೇನ್ ಬಂದ್ ಮಾಡಿ, ಮೋಟರಿನ ಡಬ್ಬಿ ತೆರೆದು, ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸ ಫ್ಯೂಜ್ ಹಾಕಿದರು. ಅದೇ ಡಬ್ಬಿಯ ಪಕ್ಕದಲ್ಲಿ ಸುಭದ್ರಾಬಾಯಿ ದಿನಾ ಬುತ್ತಿ ತಂದು ಇಡುತ್ತಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಗಾಡಿಗೆ ಸೋಲಾರ್ ಹಾಕಿಸಿ, ಊರೂರು ನೋಡಿ ಬನ್ನಿ. ಆದರೆ ಬಲ್ಲವರನ್ನು ಜೊತೆಗಿಟ್ಟುಕೊಂಡು ಹಾಕಿಸಿ. ಫ್ಯೂಜ್ ಹೋದರೆ ಗಾಡಿ ನಿಲ್ಲಿಸಿ, ತಪ್ಪು ಎಲ್ಲಿದೆ ಎಂದು ಹುಡುಕಿ, ಅದೇ ಅಳತೆಯ ಫ್ಯೂಜನ್ನೇ ಹಾಕಿ. ಈಗ ನಿಮ್ಮ ಜೇಬು ಒಮ್ಮೆ ನೋಡಿಕೊಳ್ಳಿ. ತಾಮ್ರದ ತಂತಿ ಇದ್ದರೆ ಮನೆಯಾಕೆಯ ಕೈಗೆ ಕೊಟ್ಟುಬಿಡಿ.