ಆರನೇ ಬುಟ್ಟಿಯ ಡ್ರಾಪ್ ಝೋನ್

ಶನಿವಾರ ಮಧ್ಯಾಹ್ನ ನಾನೂ ಭೀಮೇಶ್ ಮೇಷ್ಟ್ರೂ ಹೊಂಡದ ಸುತ್ತ ಮೂರನೇ ಸಲ ನಡೆದೆವು. ನನ್ನ ಕೈಯಲ್ಲಿ ರಂಗೋಲಿ ಪುಡಿಯ ಡಬ್ಬಿ, ಅವರ ಕೈಯಲ್ಲಿ ಅಳತೆಯ ಟೇಪು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳ ಪಂದ್ಯ. ಅಷ್ಟರೊಳಗೆ ತೀರ್ಮಾನವಾಗಬೇಕಾದದ್ದು ಒಂದೇ ಉಳಿದಿತ್ತು. ಆರನೇ ಬುಟ್ಟಿಗೆ ಎಸೆದ ಡಿಸ್ಕ್ ನೀರಿಗೆ ಬಿದ್ದರೆ ಮಗು ಎಲ್ಲಿ ನಿಂತು ಮತ್ತೆ ಎಸೆಯಬೇಕು? ಆ ಜಾಗಕ್ಕೆ ಡ್ರಾಪ್ ಝೋನ್ ಎನ್ನುತ್ತಾರೆ.

ಡಿಸ್ಕ್ ಗಾಲ್ಫ್ ಎಂದರೆ ಕಷ್ಟದ ಆಟವೇನಲ್ಲ. ಊಟದ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಡಿಸ್ಕನ್ನು ದೂರದಿಂದ ಎಸೆಯುತ್ತ, ಬಿದ್ದಲ್ಲಿಂದ ಮತ್ತೆ ಎಸೆಯುತ್ತ, ಕೊನೆಗೆ ಕಬ್ಬಿಣದ ಬುಟ್ಟಿಗೆ ಹಾಕಬೇಕು. ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದ ಹಾಗೆ. ಮಕ್ಕಳಿಗೆ ಇದನ್ನು ಕಲಿಸಲು ಮೇಷ್ಟ್ರು ಭದ್ರಾವತಿಯ ಕಾಗದನಗರದ ಖಾಲಿ ಮೈದಾನದಲ್ಲಿ ಒಂಬತ್ತು ಬುಟ್ಟಿ ನಿಲ್ಲಿಸಿದ್ದರು. ಓಲ್ಡ್ ಟೌನಿನ ವೆಲ್ಡರ್ ಓಬಯ್ಯ ಹಳೆಯ ಸೈಕಲ್ ಚೈನುಗಳನ್ನು ಇಳಿಬಿಟ್ಟು ಮಾಡಿಕೊಟ್ಟ ಬುಟ್ಟಿಗಳು. ಡಿಸ್ಕ್ ತಾಗಿದರೆ ಝಲ್ಲೆನ್ನುತ್ತಿದ್ದವು. ನನ್ನ ಮಗಳು ಶೀತಲ್, ಹದಿಮೂರು ವರ್ಷದವಳು, ಆ ಸದ್ದಿಗೆ ಮರುಳಾಗಿ ಎಂಟು ತಿಂಗಳಾಗಿತ್ತು. ಅವಳಿಗಾಗಿ ನಾನು ಪ್ರತಿ ಶನಿವಾರ, ಭಾನುವಾರ ಸವಳಂಗ ರಸ್ತೆಯ ಮನೆಯಿಂದ ಎರಡು ಬಸ್ಸು ಬದಲಿಸಿ ಭದ್ರಾವತಿಗೆ ಬರುತ್ತಿದ್ದೆ. ಸುಮ್ಮನೆ ಕೂರಲಾಗದೆ ಮೇಷ್ಟ್ರ ಕೆಲಸಕ್ಕೆ ಕೈ ಹಾಕಿದ್ದೆ.

ಆರನೇ ಬುಟ್ಟಿ ಹೊಂಡದ ಆಚೆ ದಡದಲ್ಲಿತ್ತು. ಹೊಂಡ ದೊಡ್ಡದಲ್ಲ, ಆದರೆ ನಾಲೆಯ ನೀರು ವರ್ಷಾನುಗಟ್ಟಲೆ ತಂದು ಸುರಿದ ಹೂಳು ತಳದಲ್ಲಿತ್ತು. ಮೇಲೆಲ್ಲ ಅಂತರಗಂಗೆ ಹಬ್ಬಿ, ದೂರದಿಂದ ನೋಡಿದರೆ ಹುಲ್ಲುಗಾವಲಿನ ಹಾಗೆ ಕಾಣುತ್ತಿತ್ತು. ಹೋದ ವರ್ಷ ಅಲ್ಲಿನ ಧರ್ಮಪ್ಪ ಎಂಬವರ ಎಮ್ಮೆ ಅದರೊಳಗೆ ಕುತ್ತಿಗೆವರೆಗೆ ಹೂತು, ಎಂಟು ಜನ ಹಗ್ಗ ಹಾಕಿ ಎಳೆದಿದ್ದರು. ಅದಕ್ಕೇ ಬಡಾವಣೆ ಸಂಘದ ಅಧ್ಯಕ್ಷ ಹಾಲಸ್ವಾಮಿಯವರು ಮೈದಾನ ಕೊಡುವಾಗಲೇ ಹೇಳಿದ್ದರು: "ಒಂದೇ ಒಂದು ಮಗು ನೀರಿಗೆ ಕಾಲಿಟ್ರೂ ಅವತ್ತಿಗೆ ನಿಮ್ಮ ಆಟ ಬಂದ್. ಆಮೇಲೆ ನನ್ನ ಹತ್ರ ಬಂದು ಮಾತಾಡಬೇಡಿ."

"ಆಚೆ ದಡದಲ್ಲೇ ಝೋನ್ ಮಾಡಿಬಿಡಿ ಮೇಷ್ಟ್ರೇ," ಎಂದೆ. "ಎರಡನೇ ಸಲ ನೀರಿನ ಮೇಲೆ ಎಸೆಯೋ ಗೋಜೇ ಬೇಡ."

"ಸಮತಕ್ಕ, ಹಂಗೆ ಮಾಡಿದ್ರೆ ನಮ್ಮ ಹುಡುಗ್ರು ಬೇಕಂತಲೇ ನೀರಿಗೆ ಎಸೀತಾರೆ," ಎಂದು ಅವರು ನಕ್ಕರು. "ಒಂದು ಎಸೆತ ದಂಡ ತೆತ್ತು ಬುಟ್ಟಿ ಪಕ್ಕಕ್ಕೇ ಹೋಗೋದಾದ್ರೆ ಯಾರಿಗೆ ಬೇಡ? ಆ ಮಲ್ಲಿಕ್ ಇದ್ದಾನಲ್ಲ, ಅವನು ಮೊದಲ್ನೇ ದಿನಾನೇ ಕಂಡುಹಿಡೀತಾನೆ."

"ಹಾಗಾದ್ರೆ ನೀರಿನ ಅಂಚಿಗೆ ಬೇಡ. ಅಂಚಲ್ಲಿ ನಿಂತ್ರೆ ಕಣ್ಣು ಕೆಳಗೇ ಹೋಗುತ್ತೆ."

ಕೊನೆಗೆ ಎಡಬದಿಯ ಏರಿಯ ಮೇಲೆ, ನೀರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಗಟ್ಟಿ ನೆಲ ಆರಿಸಿದೆವು. ಅಲ್ಲಿಂದ ಬುಟ್ಟಿಗೆ ನೇರ ಒಣ ದಾರಿ. ಮೇಷ್ಟ್ರು ಸರಿಯಿದೆಯೇ ಎಂದು ಎಸೆದು ನೋಡಿದರು. ಚೀಲದಿಂದ ಒಂದಾದ ಮೇಲೊಂದು ಡಿಸ್ಕ್ ತೆಗೆದು, ಎರಡನ್ನು ಬೇಕೆಂದೇ ನೀರಿಗೆ ಹಾಕಿ, ಝೋನಿಗೆ ಬಂದು ಇನ್ನೊಂದನ್ನು ಎಸೆದರು. ಹೊಂಡ ದಾಟಿದವರಿಗೆ ಮೂರು ಎಸೆತ, ನೀರಿಗೆ ಹಾಕಿದವರಿಗೆ ದಂಡ ಸೇರಿ ನಾಲ್ಕು ಅಥವಾ ಐದು. ನ್ಯಾಯವಾಗಿದೆ ಎನ್ನಿಸಿತು. ನಾನು ರಂಗೋಲಿ ಪುಡಿಯಲ್ಲಿ ದುಂಡಗೆ ಗೆರೆ ಎಳೆದೆ. ನೀರಿನ ಸುತ್ತ ಗೂಟ ಹೊಡೆದು ಹಳದಿ ನೈಲಾನ್ ಹಗ್ಗ ಕಟ್ಟಿದೆವು. ಬಸ್ಸಿನಲ್ಲಿ ವಾಪಸು ಹೋಗುವಾಗ ಶೀತಲ್ ನನ್ನ ಹೆಗಲಿಗೊರಗಿ ನಿದ್ದೆ ಮಾಡಿದಳು. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನ ನನಗಿತ್ತು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ನಿಯಮ ಓದಿದರು. ನೀರಿಗೆ ಬಿದ್ದ ಡಿಸ್ಕ್ ತರಲು ಯಾರೂ ಹೋಗಕೂಡದು, ಸಂಜೆ ಮೇಷ್ಟ್ರೇ ಕೋಲು ಹಾಕಿ ತೆಗೆದುಕೊಡುತ್ತಾರೆ. ಒಂದು ಎಸೆತ ದಂಡ. ಡ್ರಾಪ್ ಝೋನಿಗೆ ಬಂದ ಮೇಲೆ ಮೂವತ್ತು ಸೆಕೆಂಡಿನೊಳಗೆ ಎಸೆಯಬೇಕು. ಮಕ್ಕಳು "ಸರಿ ಸಾರ್" ಎಂದು ಕೂಗಿದರು. ನನ್ನನ್ನು ಆರನೇ ಬುಟ್ಟಿಗೆ ತೀರ್ಪುಗಾರ್ತಿಯಾಗಿ, ಕೈಗೊಂದು ಕೆಂಪು ಬಾವುಟ ಕೊಟ್ಟು, ಝೋನಿನ ಪಕ್ಕ ನಿಲ್ಲಿಸಿದರು.

"ನಿಮ್ಮ ಮಗಳ ಗುಂಪು ಬಂದಾಗ ಮಾತಾಡೋ ಹಂಗಿಲ್ಲ ಸಮತಕ್ಕ. ಬೇರೆ ತಾಯಂದಿರು ನೋಡ್ತಿರ್ತಾರೆ."

"ತುಟಿ ಬಿಚ್ಚಲ್ಲ," ಎಂದೆ.

ಮೊದಲ ಗುಂಪಿನ ನಾಲ್ವರೂ ಹೊಂಡ ದಾಟಿಸಿದರು. ನಾನು ಉಸಿರು ಬಿಟ್ಟೆ. ಎರಡನೆಯದು ಶೀತಲ್‌ಳ ಗುಂಪು. ಜೊತೆಗೆ ಮಲ್ಲಿಕ್ ಮತ್ತು ಪ್ರಿಯದರ್ಶಿನಿ. ಐದು ಬುಟ್ಟಿ ಮುಗಿದಾಗ ಶೀತಲ್ ಮಲ್ಲಿಕ್‌ಗಿಂತ ಒಂದು ಎಸೆತ ಮುಂದಿದ್ದಳು. ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಪರೀಕ್ಷೆಗೆ ಹೋಗುವಾಗಿನ ಹಾಗೆ ಕೆಳತುಟಿ ಒಳಗೆಳೆದುಕೊಂಡಿದ್ದಳು.

ಮಲ್ಲಿಕ್ ಎಸೆದ. ದಾಟಿತು. ಪ್ರಿಯದರ್ಶಿನಿಯದು ಅಂಚಿನಲ್ಲಿ ಬಿದ್ದು ಉರುಳಿ ನಿಂತಿತು. ಶೀತಲ್ ಎಸೆಯುವಾಗ ಗಾಳಿ ಎದ್ದಿತು. ಅವಳ ಕಿತ್ತಳೆ ಬಣ್ಣದ ಡಿಸ್ಕ್ ಮೇಲೇರಿ, ತಿರುಗಿ, ಅಂತರಗಂಗೆಯ ಮೇಲೆ ತಣ್ಣಗೆ ಕುಳಿತುಕೊಂಡಿತು. ಮುಳುಗಲಿಲ್ಲ. ದಡದಿಂದ ಹತ್ತು ಹೆಜ್ಜೆಯಲ್ಲಿ, ಯಾರೋ ಎಲೆಯ ಮೇಲೆ ಇಟ್ಟುಹೋದ ಹಾಗೆ ಹೊಳೆಯುತ್ತಿತ್ತು.

ನಾನು ಬಾವುಟ ಎತ್ತಿದೆ. ಅವಳು ಏರಿ ಹತ್ತಿ ಬಂದು ನನ್ನ ರಂಗೋಲಿಯ ಗೆರೆಯೊಳಗೆ ನಿಂತಳು. ಬುಟ್ಟಿಯ ಕಡೆ ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು.

ಆಗ ನನಗೆ ಹೊಳೆಯಿತು. ಕೈ ಖಾಲಿ.

ಈ ಮಕ್ಕಳಿಗೆ ಇದ್ದದ್ದು ತಲೆಗೊಂದೇ ಡಿಸ್ಕ್. ಚೀಲದ ತುಂಬ ಡಿಸ್ಕ್ ಇದ್ದದ್ದು ಮೇಷ್ಟ್ರಿಗೆ ಮಾತ್ರ. ನಿನ್ನೆ ಅವರು ಎಸೆದು ನೋಡಿದಾಗ, ನಾನು ಹೆಜ್ಜೆ ಎಣಿಸಿದಾಗ, ನೆಲ ಗಟ್ಟಿಯಿದೆಯೇ ಎಂದು ತುಳಿದು ನೋಡಿದಾಗ, ಎಸೆಯಲು ಏನಿರುತ್ತದೆ ಎಂದು ಇಬ್ಬರಿಗೂ ತೋಚಿರಲಿಲ್ಲ. ನಿಲ್ಲಲು ಜಾಗ ಮಾಡಿದ್ದೆವು, ಅಷ್ಟೇ.

"ಏನು, ಕೈನೇ ಎಸೀತೀಯಾ?" ಆಚೆ ದಡದಿಂದ ಮಲ್ಲಿಕ್ ಕೂಗಿದ. "ಇಪ್ಪತ್ತು ಸೆಕೆಂಡಾಯ್ತು ಮಾರಾಯ್ತಿ!"

"ಸುಮ್ನಿರೋ, ಅವಳು ಎಸೀತಾಳೆ," ಎಂದಳು ಪ್ರಿಯದರ್ಶಿನಿ.

ಅವನ ಹತ್ತಿರ ಡಿಸ್ಕ್ ಇತ್ತು, ಅವಳ ಹತ್ತಿರವೂ ಇತ್ತು. ಕೇಳಿದ್ದರೆ ಕೊಡುತ್ತಿದ್ದರು. ಆದರೆ ಶೀತಲ್ ಕೇಳಲಾರಳು. ಪಕ್ಕದ ಮನೆಯವರ ಸೈಕಲ್ ಮುಟ್ಟಬೇಡ, ಇನ್ನೊಬ್ಬರ ಪೆನ್ಸಿಲ್ ಕೇಳಬೇಡ, ಇಲ್ಲದಿದ್ದರೆ ಇಲ್ಲದೆ ಇರು ಎಂದು ಅವಳು ಮೂರು ವರ್ಷದವಳಿದ್ದಾಗಿನಿಂದಲೇ ಕಲಿಸಿದವಳು ನಾನು. ಈಗಲಾದರೂ ನಾನು ಬಾಯಿ ಬಿಡಬೇಕಿತ್ತು. ಏರಿಯ ಮೇಲೆ ಸಾಲಾಗಿ ಕುಳಿತಿದ್ದ ತಾಯಂದಿರು ನನ್ನನ್ನೇ ನೋಡುತ್ತಿದ್ದರು. ಮಗಳ ಪರ ಮಾತಾಡಿದಳು ಅನ್ನಿಸಿಕೊಳ್ಳಬಾರದೆಂದು ನಾನು ಮುಖ ತಿರುಗಿಸಿ ಮೇಷ್ಟ್ರು ಎಲ್ಲಿದ್ದಾರೆಂದು ಹುಡುಕಿದೆ. ಅವರು ಮೂರನೇ ಬುಟ್ಟಿಯ ಹತ್ತಿರ ಚಿಕ್ಕ ಮಕ್ಕಳ ಜೊತೆ ಇದ್ದರು.

ಮತ್ತೆ ತಿರುಗುವಷ್ಟರಲ್ಲಿ ಗೆರೆಯೊಳಗೆ ಶೀತಲ್ ಇರಲಿಲ್ಲ.

ಅವಳು ಹಗ್ಗದ ಕೆಳಗೆ ನುಸುಳಿಯಾಗಿತ್ತು. "ಶೀತೂ!" ಎಂದು ನಾನು ಕೂಗುವಾಗ ಅವಳ ಕಾಲು ಮೊಣಕಾಲವರೆಗೆ ಹಸಿರೊಳಗಿತ್ತು. ಇನ್ನೆರಡು ಹೆಜ್ಜೆಗೆ ತೊಡೆ. ತಿರುಗಿ ಬರಲು ನೋಡಿದಳು. ಕಾಲು ಬರಲಿಲ್ಲ. ಒಂದು ಕಾಲು ಎಳೆದರೆ ಇನ್ನೊಂದು ಇಳಿಯಿತು. ನೀರು ಸೊಂಟಕ್ಕೆ ಬಂತು.

"ಅಮ್ಮಾ, ಕೆಳಗೆ ಏನೋ ಹಿಡ್ಕೊಂಡಿದೆ!"

"ಅಲ್ಲಾಡಬೇಡ ಕಂದಾ. ಕೆಸರು ಅದು. ಕಾಲು ಎಳೀಬೇಡ."

ಏರಿಯಿಂದ ಓಡಿ ಬಂದವಳು ನೀರಿಗಿಳಿಯಲು ಕಾಲೆತ್ತಿದೆ. ನಾನೂ ಹೂತರೆ ಎಳೆಯುವವರು ಯಾರು ಎಂಬ ಯೋಚನೆ ಅಲ್ಲೇ ತಡೆಯಿತು. ಆ ಕ್ಷಣ ದಡದಲ್ಲಿ ನಿಂತುಕೊಂಡದ್ದಕ್ಕಿಂತ ಕಷ್ಟದ ಕೆಲಸ ನಾನು ಬದುಕಿನಲ್ಲಿ ಮಾಡಿಲ್ಲ.

"ಹಿಂದಕ್ಕೆ ಒರಗು. ಹಾಸಿಗೆ ಮೇಲೆ ಮಲಗೋ ಹಾಗೆ. ಕೈ ಅಗಲಿಸು."

"ಮುಳುಗ್ತೀನಮ್ಮಾ."

"ಇಲ್ಲ. ನನ್ನನ್ನೇ ನೋಡ್ತಾ ಒರಗು."

ಅವಳು ಒರಗಿದಳು. ಅಂತರಗಂಗೆ ಅವಳ ಬೆನ್ನಿನಡಿ ಜಗ್ಗಿತು, ಆದರೆ ಹಿಡಿಯಿತು. ಅಷ್ಟರಲ್ಲಿ ಮಲ್ಲಿಕ್ ಸುತ್ತು ಹಾಕಿ ಓಡಿಬಂದು ಗೂಟ ಕೀಳುತ್ತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಅವನು ಬಿಚ್ಚಿಕೊಟ್ಟ ಹಗ್ಗ ಎಸೆದೆ. ಹಗುರ ಹಗ್ಗ, ಅರ್ಧ ದಾರಿಗೇ ಬಿತ್ತು. ಪ್ರಿಯದರ್ಶಿನಿ ತನ್ನ ನೀರಿನ ಬಾಟಲಿಯನ್ನು ತುದಿಗೆ ಕಟ್ಟಿ ಕೊಟ್ಟಳು. ಎರಡನೇ ಸಲ ಬಾಟಲಿ ಶೀತಲ್‌ಳ ಭುಜದ ಪಕ್ಕ ಬಿತ್ತು.

"ಕಂಕುಳ ಕೆಳಗಿಂದ ಸುತ್ತಿಕೋ. ಎರಡು ಸುತ್ತು. ಈಗ ಹಿಡ್ಕೋ."

ಮೂವರೂ ಎಳೆದೆವು. ಮೊದಲು ಏನೂ ಆಗಲಿಲ್ಲ. ಕುಳಿತಿದ್ದ ತಾಯಂದಿರೂ ಬಂದು ಹಗ್ಗ ಹಿಡಿದರು. ಯಾರೋ "ನಿಧಾನ, ನಿಧಾನ" ಎನ್ನುತ್ತಿದ್ದರು. ಕೆಸರು ಒಂದು ಸಲ ಬಾಯಿಬಿಟ್ಟ ಹಾಗೆ ಸದ್ದು ಮಾಡಿತು. ಅವಳು ಜಾರುತ್ತ ಬಂದಳು. ಒಂದು ಶೂ ಅಲ್ಲೇ ಉಳಿಯಿತು. ಅವಳ ತೋಳು ಕೈಗೆ ಸಿಕ್ಕ ಮೇಲೆ ನಾನು ಎಷ್ಟು ಹೊತ್ತು ಬಿಡಲಿಲ್ಲವೆಂದರೆ, ಮಾರನೆಯ ದಿನವೂ ಅಲ್ಲಿ ನನ್ನ ಬೆರಳಿನ ಗುರುತಿತ್ತು.

ಹಾಲಸ್ವಾಮಿಯವರು ಬಂದಾಗ ಅವಳು ನನ್ನ ಸೆರಗು ಹೊದ್ದು ನಡುಗುತ್ತಿದ್ದಳು. ಭೀಮೇಶ್ ಮೇಷ್ಟ್ರು ಏದುಸಿರು ಬಿಡುತ್ತ ನಿಂತಿದ್ದರು.

"ಹೇಳಿದ್ದೆನೋ ಇಲ್ವೋ?" ಎಂದರು ಹಾಲಸ್ವಾಮಿ. "ನಿಯಮ ಓದಿದ್ರಂತೆ. ಮಗು ಕೇಳ್ಬೇಕಲ್ಲ!"

"ಮಗು ಕೇಳಿದೆ ಸ್ವಾಮಿ," ಎಂದೆ. "ಅಲ್ಲಿಂದ ಎಸಿ ಅಂದ್ವಿ, ಅಲ್ಲಿಗೆ ಹೋಗಿ ನಿಂತ್ಲು. ಎಸೆಯೋಕೆ ಏನಾದ್ರೂ ಇಡೋದನ್ನ ಮರೆತವರು ನಾನೂ ಮೇಷ್ಟ್ರೂ. ಆಟ ನಿಲ್ಲಿಸ್ತೀರಾ, ನಿಲ್ಲಿಸಿ. ಇವಳ ಮೇಲೆ ಮಾತ್ರ ಹಾಕಬೇಡಿ."

ಅವರು ಬಹಳ ಹೊತ್ತು ಹೊಂಡವನ್ನೇ ನೋಡಿದರು. ಮಕ್ಕಳೆಲ್ಲ ಬಂದು ಸುತ್ತ ಸೇರಿದ್ದರು.

"ಆ ಬುಟ್ಟಿ ಕೀಳಿ," ಎಂದರು ಕೊನೆಗೆ. "ಈಗಲೇ, ನನ್ನೆದುರಿಗೆ. ಉಳಿದದ್ದು ಆಡ್ಕೊಳ್ಳಿ. ಈ ಕಡೆ ಯಾರೂ ಮುಖ ಹಾಕೋದು ಬೇಡ."

ಮೇಷ್ಟ್ರು ಬುಟ್ಟಿ ಕಿತ್ತರು. ಚೈನುಗಳು ನೆಲಕ್ಕೆ ತಾಗಿ ಸದ್ದು ಮಾಡಿದವು. ಆರನೆಯದನ್ನು ಎಲ್ಲರ ಲೆಕ್ಕದಿಂದಲೂ ತೆಗೆದರು. ಅಂದರೆ ಶೀತಲ್ ಈಗಲೂ ಒಂದು ಎಸೆತ ಮುಂದಿದ್ದಳು.

"ಮನೆಗೆ ಹೋಗೋಣ್ವಾ?" ಎಂದೆ.

ಅವಳು ಬೇಡವೆಂದು ತಲೆಯಾಡಿಸಿದಳು. ಉಳಿದ ಒಂದು ಶೂವನ್ನೂ ಕಳಚಿ ಬರಿಗಾಲಲ್ಲಿ ಏಳನೇ ಬುಟ್ಟಿಯ ಕಡೆ ನಾಲ್ಕು ಹೆಜ್ಜೆ ಹೋಗಿ ನಿಂತಳು. ನಾನೇ ಹೋಗಿ ಡಿಸ್ಕ್ ಕೇಳಿಕೊಡಲೇ ಎಂದು ಬಾಯಿಗೆ ಬಂತು. ತಡೆದುಕೊಂಡೆ.

"ಮಲ್ಲಿಕ್," ಎಂದಳು. ಅವನ ಕೈಯಲ್ಲಿದ್ದ ಡಿಸ್ಕ್ ನೋಡಿದಳು. "ನಿಂದು ಎಸೆದಾದ್ಮೇಲೆ... ನಂಗೆ ಕೊಡ್ತೀಯಾ?"

"ಮೊದಲು ನೀನೇ ಎಸಿ," ಎಂದು ಅವನು ಡಿಸ್ಕನ್ನು ಚಡ್ಡಿಗೆ ಒರೆಸಿ ಕೊಟ್ಟ. "ಇದು ಬಲಕ್ಕೆ ಜಾಸ್ತಿ ಎಳೆಯುತ್ತೆ, ನೋಡ್ಕೋ. ಆಮೇಲೆ ಸೋತ್ರೆ ನನ್ನ ಡಿಸ್ಕಿಗೆ ಬೈಬೇಡ."

ಅವಳು ಎಸೆದಳು. ಅದು ಎಲ್ಲಿ ಬಿತ್ತೋ ನಾನು ನೋಡಲಿಲ್ಲ. ಒಣ ನೆಲದ ಮೇಲೆ ನಿಂತಿದ್ದ ಅವಳ ಎರಡು ಕೆಸರು ಪಾದಗಳನ್ನೇ ನೋಡುತ್ತಿದ್ದೆ.